ಪೆಟ್ರೋಲ್ ಟ್ಯಾಂಕಿಗೆ ಬಿದ್ದ ನೀರು

ಹೋದ ಶನಿವಾರ ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಆಗಲಿಲ್ಲ. ಅವರು ಅದರ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನು ಜಾಮ್ ಬಾಟಲಿಗೆ ಬಸಿದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಅರ್ಧ ಬಟ್ಟೆ ಬುಟ್ಟಿಯಲ್ಲೇ ಬಿಟ್ಟು ಒಳಗೆ ಬಂದುಬಿಟ್ಟೆ. ಪೆಟ್ರೋಲ್ ವಾಸನೆಗೆ ನನಗೆ ತಲೆನೋವು ಬರುತ್ತದೆ ಎಂದು ಮನೆಯವರೆಲ್ಲ ನಂಬಿದ್ದಾರೆ. ನಿಜವಾಗಿ ಬರುವುದು ನಾಚಿಕೆ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ಈಗ ಪರದೇಶದ ಲಿಂಕೋಪಿಂಗ್‌ನಲ್ಲಿದ್ದೇನೆ. ಆಗ, ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲದಲ್ಲಿ, ಇಲ್ಲಿಯದೇ ಕಡಲತೀರದ ಊರಾದ ಕಾರ್ಲ್‌ಸ್ಕ್ರೂನಾದಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಕೆಲಸವೆಂದರೆ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ ತಪ್ಪನ್ನು ಹುಡುಕಿ, ನಂಬರ್ ಹಾಕಿ, ವರದಿ ಬರೆಯುವುದು. ಅದರಲ್ಲಿ ನನಗೆ ಒಳ್ಳೆಯ ಹೆಸರೇ ಇತ್ತು. ಬ್ರಿಟಾ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಮಹಡಿಯ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎಪ್ಪತ್ತು ದಾಟಿದವರನ್ನು ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದೆ, ಮೊದಲ ಕೆಲವು ತಿಂಗಳು ಎದುರಿಗೆ ಹೋಗಿ ನಿಂತು ಕೆಮ್ಮಿ ಮಾತು ಶುರುಮಾಡುತ್ತಿದ್ದೆ. ಅವರು ಪಾಪ, ನನಗೆ ಶೀತವೆಂದುಕೊಂಡು ಜೇನುತುಪ್ಪ ತಂದಿಡುತ್ತಿದ್ದರು.

ಬ್ರಿಟಾ ಬಳಿ ಒಂದು ಹಾಯಿದೋಣಿ ಇತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಹಾಯಿ ಇದ್ದರೂ, ದೋಣಿ ಕಟ್ಟೆಯಿಂದ ಹೊರಡಲು, ಮತ್ತೆ ಬಂದು ಸೇರಲು ಅದರ ಹೊಟ್ಟೆಯೊಳಗೊಂದು ಪೆಟ್ರೋಲ್ ಇಂಜಿನ್, ನನಗಿಂತ ವಯಸ್ಸಾದದ್ದು. ಅದರ ಒಂದೊಂದು ನಟ್ಟೂ ಬ್ರಿಟಾಗೆ ಗೊತ್ತು. ಮಗ ಲಾರ್ಸ್ ದೂರದ ಊರಾದ ಸುಂಡ್‌ಬೀಬರ್ಯ್‌ನಿಂದ ತಿಂಗಳಿಗೊಮ್ಮೆ ಬರುವರು. ಬಂದಾಗಲೆಲ್ಲ "ದೋಣಿ ಮಾರಿಬಿಡಮ್ಮ" ಎನ್ನುವುದು ಅವರ ಹಳೆಯ ಹಾಡು. ಆ ವಸಂತದಲ್ಲಿ ಬ್ರಿಟಾ ಒಲೆಯ ಮೇಲೆ ಕೆಟಲ್ ಮರೆತು ತಳ ಸುಟ್ಟಿದ್ದರಿಂದ ಹಾಡಿಗೆ ಹೊಸ ಚರಣವೊಂದು ಸೇರಿತ್ತು.

ಜೂನ್ ತಿಂಗಳ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ಹೊರಡುವ ಮೊದಲು ಬ್ರೆಡ್ ತರಲು ಅಂಗಡಿಗೆ ಹೋದರು. ಸುಮ್ಮನೆ ಕೂತಿರುವುದು ಚೆನ್ನಾಗಿರಲಿಲ್ಲ. ಕುಡಿಯುವ ನೀರಿನ ಟ್ಯಾಂಕನ್ನಾದರೂ ತುಂಬಿಸೋಣವೆಂದು ಕಟ್ಟೆಯ ಮೇಲಿದ್ದ ಪೈಪು ಎಳೆದೆ. ದೋಣಿಯ ಮೇಲೆ ಒಂದೇ ತರಹದ ಎರಡು ಹಿತ್ತಾಳೆ ಮುಚ್ಚಳ, ಅಕ್ಷರ ಸವೆದಿದ್ದವು. ಬಗ್ಗಿ ನೋಡಿದ್ದರೆ ಓದಬಹುದಿತ್ತು. ನಾನು ಬಗ್ಗಲಿಲ್ಲ. ಒಂದನ್ನು ತಿರುಗಿಸಿ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ತೂತಿನಿಂದ ಪೆಟ್ರೋಲ್ ವಾಸನೆ ಎದ್ದಿತು.

ಪೈಪು ಕಿತ್ತು, ಮುಚ್ಚಳ ಬಿಗಿಮಾಡಿ, ಪೈಪನ್ನು ಮೊದಲಿದ್ದ ಹಾಗೇ ಸುತ್ತಿಟ್ಟೆ. ಒಂದೆರಡು ಲೀಟರ್ ಹೋಗಿರಬಹುದು; ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಅದೆಲ್ಲಿ ಗೊತ್ತಾಗುತ್ತದೆ, ಬೆರೆತುಹೋಗುತ್ತದೆ ಅಂದುಕೊಂಡೆ. ಇಂಜಿನಿಯರಿಂಗ್ ಪದವಿ ಪಡೆದವಳ ಯೋಚನೆ ಇದು. ಬ್ರಿಟಾ ಬ್ರೆಡ್ ಹಿಡಿದು ಬಂದು, "ಬೇಜಾರಾಯಿತಾ?" ಎಂದರು. "ಇಲ್ಲ" ಎಂದೆ.

ಕಾಲು ಗಂಟೆ ಹೋಗುವಷ್ಟರಲ್ಲಿ ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಬ್ರಿಟಾ ಗಾಬರಿಯಾಗದೆ ಹಾಯಿ ಏರಿಸಿ ದೋಣಿಯನ್ನು ಕಟ್ಟೆಗೆ ತಂದರು. ಆಗಲೇ ಹೇಳಬಹುದಿತ್ತು.

ಮುಂದಿನ ಮೂರು ವಾರ ಸಂಜೆ ಸಂಜೆ ನಾವಿಬ್ಬರೂ ಆ ಇಂಜಿನ್ನಿನ ಮುಂದೆ ಮಂಡಿಯೂರಿದೆವು. ಹಿಂದಿನ ವರ್ಷ ತೇವಕ್ಕೆ ಕಿಡಿ ಹಾರದೆ ಕೈಕೊಟ್ಟಿತ್ತಂತೆ. ಹಾಗಾಗಿ ಅವರ ಅನುಮಾನವೆಲ್ಲ ಕರೆಂಟಿನ ಕಡೆಗೇ. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜಿದರು. ವೈರು ಬದಲಾಯಿಸಿದರು. ಕಿಡಿ ಚೆನ್ನಾಗಿಯೇ ಹಾರಿತು. ಆಮೇಲೆ ಕಾರ್ಬುರೇಟರ್ ಬಿಚ್ಚಿ ತೊಳೆದರು. ಇಂಜಿನ್ ಐದು ನಿಮಿಷ ಓಡಿ ಮತ್ತೆ ನಿಂತಿತು. ನಾನು ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಏನೇನು ಪರೀಕ್ಷೆಯಾಯಿತೆಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆಯುತ್ತಿದ್ದೆ. "ನೀನಿರುವುದಕ್ಕೆ ಎಷ್ಟು ಅನುಕೂಲ ನೋಡು" ಎನ್ನುತ್ತಿದ್ದರು ಬ್ರಿಟಾ. ಅವರ ಬೆರಳಿನ ಗೆಣ್ಣುಗಳು ಕೆತ್ತಿಹೋಗಿದ್ದವು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಬರೀ ತಪ್ಪಾಗಿದ್ದದ್ದು ಮೂರನೆಯ ವಾರಕ್ಕೆ ಮೋಸವಾಗಿತ್ತು.

ಕೊನೆಗೆ ಲಾರ್ಸ್ ಬಂದ ದಿನ ಟ್ಯಾಂಕಿನ ತಳದಿಂದ ಒಂದು ಗಾಜಿನ ಲೋಟಕ್ಕೆ ಬಸಿದು ನೋಡಿದರು. ಮೇಲೆ ಹಳದಿ ಪೆಟ್ರೋಲ್, ಕೆಳಗೆ ತಿಳಿ ನೀರು, ನಡುವೆ ಗೆರೆ ಎಳೆದ ಹಾಗೆ.

"ಇಷ್ಟು ನೀರು ಎಲ್ಲಿಂದ ಬಂತಮ್ಮ? ಕೊನೆಯ ಸಲ ಕುಡಿಯುವ ನೀರು ತುಂಬಿಸಿದ್ದು ಯಾರು?" ಎಂದರು ಲಾರ್ಸ್.

ಬ್ರಿಟಾ ಲೋಟವನ್ನು ತಾವೇ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಹೊರಡುವ ಹಿಂದಿನ ದಿನ ನಾನೇ ತುಂಬಿಸಿದ್ದೆ. ಸರಿಯಾಗಿಯೇ ತುಂಬಿಸಿದ ನೆನಪು. ಆದರೆ ನಾನೇ ಇರಬೇಕು."

ಲಾರ್ಸ್ ಬೈಯಲಿಲ್ಲ. ಮೆಲ್ಲಗೆ ತಾಯಿಯ ಬೆನ್ನು ಸವರಿದರು. ನಾನು ಟಾರ್ಚ್ ಹಿಡಿದುಕೊಂಡೇ ನಿಂತಿದ್ದೆ.

ಆ ಶರತ್ಕಾಲದಲ್ಲಿ ದೋಣಿ ಮಾರಾಟವಾಯಿತು. ನಾನು ಮದುವೆಯಾಗಿ ಲಿಂಕೋಪಿಂಗ್‌ಗೆ ಬಂದೆ. ಮೂರು ವರ್ಷದ ಮೇಲೆ ಧೈರ್ಯ ಮಾಡಿ ಕಾರ್ಲ್‌ಸ್ಕ್ರೂನಾಗೆ ಹೋದೆ. ಬ್ರಿಟಾ ಮನೆ ಬಿಟ್ಟು ಸಣ್ಣ ಫ್ಲ್ಯಾಟಿಗೆ ಬಂದಿದ್ದರು. ಇಲ್ಲಿನವರು ಫಿಕಾ ಎನ್ನುವ ಕಾಫಿ ಹೊತ್ತಿಗೆಂದು ಕಾಫಿ, ಬನ್ನು ಇಟ್ಟರು. ನಾನು ಬನ್ನು ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿದೆ.

ಅವರು ಕಾಫಿಯಲ್ಲಿ ಚಮಚ ಆಡಿಸುತ್ತಾ ಕೇಳಿದರು. "ಆ ವರ್ಷವೇ ನಾನು ಕಾರು ಓಡಿಸುವುದನ್ನೂ ಬಿಟ್ಟೆ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಹಾಕುತ್ತಿರುವವರ ಹಾಗೆ ಹೇಳಿದರು. "ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು."

ಕ್ಷಮಿಸಿ ಎಂದೆ. ಅವರು ಎದ್ದು ಕಪ್ಪುಗಳನ್ನು ತೊಳೆಯಲಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ಲಾರ್ಸ್‌ಗೆ ನೀನೇ ಹೇಳು. ನಾನು ಹೇಳಿದರೆ ಅವನು ನಂಬುವುದಿಲ್ಲ" ಎಂದರು. ಆಗಲಿ ಎಂದು ಮಾತು ಕೊಟ್ಟೆ.

ಹೇಳಲಿಲ್ಲ. ಮಗಳು ಹುಟ್ಟಿದಳು, ಕೆಲಸ ಬದಲಾಯಿತು, ನೆವಗಳಿಗೇನು ಬರವೇ. ಬ್ರಿಟಾ ತೀರಿಕೊಂಡರೆಂದು ಲಾರ್ಸ್ ಕಾರ್ಡ್ ಕಳಿಸಿದಾಗಲೂ, ನಿಮ್ಮ ತಾಯಿ ನನಗೆ ತುಂಬಾ ಬೇಕಾದವರಾಗಿದ್ದರು ಎಂದಷ್ಟೇ ಬರೆದೆ. ಅದೂ ನಿಜವೇ.

ಹೋದ ಶನಿವಾರ ಪಕ್ಕದ ಮನೆಯ ಆ ವಾಸನೆ ಬಡಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಲಾರ್ಸ್‌ಗೆ ಫೋನ್ ಮಾಡಿದೆ. ನಾನು ಯಾರೆಂದು ನೆನಪಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಂದು ಗೊತ್ತಿಲ್ಲದೆ ಸ್ವಲ್ಪ ನೀರು ಬಿಟ್ಟುಬಿಟ್ಟೆ, ಅದು ನಿಮ್ಮ ತಾಯಿಯಲ್ಲ, ನಾನು ಎಂದು ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಅಮ್ಮ ಹೇಳಿದ್ದರು" ಎಂದರು ಲಾರ್ಸ್. "ಎರಡು ಮೂರು ಸಲ ಹೇಳಿದರು. ಅರಳುಮರಳಿನಲ್ಲಿ ಕಥೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಪಾಪ, ಆ ಹುಡುಗಿಯ ಮೇಲೆ ಯಾಕೆ ಹಾಕುತ್ತೀಯಮ್ಮ ಎಂದು ರೇಗಿದ್ದೆ ಕೂಡ."

ಫೋನ್ ಇಟ್ಟುಬಿಡುತ್ತಾರೇನೋ ಎಂದುಕೊಂಡೆ. ಇಡಲಿಲ್ಲ.

"ಇನ್ನೊಮ್ಮೆ ಹೇಳಿ," ಎಂದರು, "ನಿಧಾನವಾಗಿ."

ಹೇಳಿದೆ. 'ಗೊತ್ತಿಲ್ಲದೆ', 'ಸ್ವಲ್ಪ' ಎಂಬ ಮಾತುಗಳನ್ನು ಈ ಸಲ ಬಿಟ್ಟೆ.