ಏನೂ ಮಾಡದ ಬೈಬಲಮ್ಮ

ಮೊನ್ನೆ ನನ್ನ ಮೊಮ್ಮಗ ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡ. ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದವನೇ ಅಳು ಮರೆತು, ಲಕೋಟೆಯಿಂದ ಎಕ್ಸ್‌ರೇ ಹಾಳೆ ಎಳೆದು ಕಿಟಕಿಗೆ ಹಿಡಿದು ಸೂರ್ಯನನ್ನು ನೋಡತೊಡಗಿದ. “ಅಜ್ಜೀ, ಸೂರ್ಯ ಕರ್ರಗ ಕಾಣಾಕತ್ತಾನ ನೋಡು!” ನಾನು ಅಡುಗೆಮನೆಯಿಂದ ಓಡಿಬಂದು ಅದನ್ನು ಕಸಿದುಕೊಂಡೆ. ಹುಡುಗ ಬೆಪ್ಪಾಗಿ ನನ್ನ ಮುಖ ನೋಡಿದ. ಕಣ್ಣಿಗೆ ಕೆಟ್ಟದ್ದು ಅಂತ ಏನೋ ಹೇಳಿ ಸಮಾಧಾನ ಮಾಡಿದೆ. ಆದರೆ ನಾನು ಕಸಿದುಕೊಂಡದ್ದು ಅವನ ಕಣ್ಣಿನ ಚಿಂತೆಯಿಂದಲ್ಲ. ಆ ಹಾಳೆಯ ವಾಸನೆಯ ಜೊತೆ ಬೈಬಲಮ್ಮ ಬಂದು ಎದುರಿಗೆ ನಿಂತಿದ್ದರು.

ಬೈಬಲಮ್ಮ ಅನ್ನುವುದು ಹೆಸರಲ್ಲ, ಕೆಲಸ. ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳಲು, ಮಕ್ಕಳಿಗೆ ಹಾಡು, ಬೈಬಲಿನ ವಚನ ಕಲಿಸಲು ಚರ್ಚಿನ ಸಭೆಯವರು ಸಂಬಳ ಕೊಟ್ಟು ಇಟ್ಟುಕೊಂಡ ಹೆಣ್ಣುಮಗಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದರು, ಮಕ್ಕಳಿರಲಿಲ್ಲ. ಮಾನ್ವಿಯ ನಮ್ಮ ಪುಟ್ಟ ಚರ್ಚಿನ ಹಿಂದೆ ಒಂದು ಕೋಣೆಯಲ್ಲಿ ಇರುತ್ತಿದ್ದರು. ಬಿಳಿ ಸೀರೆ, ಬಗಲಲ್ಲಿ ಚೀಲ, ಕೈಯಲ್ಲಿ ಕರೀ ಕೊಡೆ. ಸಿರವಾರ, ದೇವದುರ್ಗ, ಜಾಲಹಳ್ಳಿ ಅಂತ ಸದಾ ತಿರುಗಾಟ. ಬಸ್ಸು ಸಿಕ್ಕರೆ ಬಸ್ಸು, ಇಲ್ಲವೆಂದರೆ ಕಾಲು. ಶುಕ್ರವಾರ ಉಪವಾಸ, ಚಹಾ ಸಹ ಮುಟ್ಟುತ್ತಿರಲಿಲ್ಲ. ಸಿನಿಮಾ ಪೋಸ್ಟರು ಕಂಡರೆ ಕೊಡೆ ಬಿಚ್ಚಿ ಅಡ್ಡ ಹಿಡಿಯುತ್ತಿದ್ದರು. ನಮ್ಮ ಓಣಿಯ ಹುಡುಗರು ಅದಕ್ಕೆಂದೇ ಅವರನ್ನು ಪೋಸ್ಟರಿನ ಮುಂದೆ ನಿಲ್ಲಿಸಿ ನಮಸ್ಕಾರ ಹೇಳುತ್ತಿದ್ದರು.

ಅವರು ಕಲಿಸಿದ್ದರಲ್ಲಿ ನನಗೆ ನಾಟಿದ್ದು ಹಾಡಲ್ಲ, ಅಂಜಿಕೆ. ಒಂದು ದಿನ ಸೂರ್ಯ ಕಪ್ಪಾಗುತ್ತಾನೆ, ತುತ್ತೂರಿಯ ಸದ್ದಾಗುತ್ತದೆ, ಕರ್ತನಾದ ದೇವರು ಬಂದು ತನ್ನವರನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುತ್ತಾನೆ ಅನ್ನುತ್ತಿದ್ದರು. ಒಂದೇ ಬೀಸುಕಲ್ಲಿನ ಮುಂದೆ ಇಬ್ಬರು ಹೆಂಗಸರು ಕೂತಿರುತ್ತಾರೆ. ಒಬ್ಬಾಕೆ ಹೋಗುತ್ತಾಳೆ, ಇನ್ನೊಬ್ಬಾಕೆ ಗೂಟ ಹಿಡಿದುಕೊಂಡು ಹಾಗೇ ಉಳಿಯುತ್ತಾಳೆ. “ಉಳದಾಕಿ ನೀ ಆಗಬ್ಯಾಡ ನೋಡಬೇ,” ಎಂದು ನನ್ನ ಕಡೆಗೇ ಬೆರಳು ಮಾಡುತ್ತಿದ್ದರು. ಎಷ್ಟೊಂದು ಮಕ್ಕಳಿದ್ದರೂ ನನ್ನ ಕಡೆಗೇ ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಶಾಲೆಯಿಂದ ಬಂದಾಗ ಮನೆಯಲ್ಲಿ ಅವ್ವ ಕಾಣದಿದ್ದರೆ ಮುಗಿಯಿತು. ಬಾಗಿಲು ತೆರೆದಿದೆ, ಒಲೆ ಉರಿಯುತ್ತಿದೆ, ಅವ್ವ ಇಲ್ಲ! ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋಗಿರಬಹುದು ಅಂತ ಬೇರೆ ಮಕ್ಕಳಿಗೆ ಹೊಳೆಯುತ್ತಿತ್ತೇನೋ. ನನಗೆ ಹೊಳೆಯುತ್ತಿದ್ದುದು ಒಂದೇ: ಕರ್ತ ಬಂದು ಹೋದ, ನಾನು ಉಳಿದೆ. ಪಾಟಿಚೀಲ ಒಗೆದು ಚರ್ಚಿನ ಹಿಂದಿನ ಕೋಣೆಗೆ ಓಡುತ್ತಿದ್ದೆ. ಬೈಬಲಮ್ಮ ಅಕ್ಕಿ ಆರಿಸುತ್ತ ಕೂತಿದ್ದರೆ ಹೋದ ಜೀವ ಬರುತ್ತಿತ್ತು. ಅವರಂಥವರನ್ನು ಬಿಟ್ಟು ಕರ್ತ ಹೋಗುತ್ತಾನೆಯೇ? ಅವರು ಇಲ್ಲೇ ಇದ್ದಾರೆ ಅಂದರೆ ಇನ್ನೂ ಏನೂ ಆಗಿಲ್ಲ. “ಯಾಕ ಬಂದೀ?” ಅಂತ ಕೇಳಿದರೆ “ಸುಮ್ಮನ್ರೀ ಅಮ್ಮಾರ” ಅನ್ನುತ್ತಿದ್ದೆ.

ವಚನ ಬಾಯಿಪಾಠ ಒಪ್ಪಿಸಿದವರಿಗೆ ಅವರು ಪರದೇಶದಿಂದ ಬಂದ ಹಳೆಯ ಕ್ರಿಸ್‌ಮಸ್ ಕಾರ್ಡು ಕೊಡುತ್ತಿದ್ದರು. ಒಂದು ಶಬ್ದ ತಪ್ಪಿದರೂ ಬರಿಗೈ. ನನ್ನ ಹತ್ತಿರ ಬಿಸ್ಕಿಟ್ ಡಬ್ಬಿ ತುಂಬ ಕಾರ್ಡು ಇದ್ದವು. ಸ್ವರ್ಗದ ಬಾಗಿಲಲ್ಲಿ ಅವನ್ನೇ ತೋರಿಸಿದರಾಯಿತು ಅಂದುಕೊಂಡಿದ್ದೆ, ನಗಬೇಡಿ.

ಎಂಬತ್ತನೆಯ ಇಸವಿಯಲ್ಲಿ ನಮ್ಮ ಕಡೆ ಹಾಡಹಗಲೇ ಕತ್ತಲಾದ ಗ್ರಹಣವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಆಗ ನಾನು ಆರನೆಯ ಇಯತ್ತೆ. ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದ ಅಪ್ಪ, ಗ್ರಹಣ ನೋಡಲೆಂದು ರಾಯಚೂರಿನಿಂದ ಹಳೆಯ ಎಕ್ಸ್‌ರೇ ಹಾಳೆ ತಂದಿದ್ದ. ಅವ್ವ ಯಾರಿಗೂ ಕಾಣದಂತೆ ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ ಇಟ್ಟಿದ್ದಳು. ನಾವು ಕ್ರೈಸ್ತರಲ್ಲವೇ ಅಂದರೆ, “ನಾವು ಹೌದಬೇ, ಉಪ್ಪಿನಕಾಯಿ ಅಲ್ಲಲ್ಲ!” ಅಂದಳು. ಅಷ್ಟರಲ್ಲಿ ಬೈಬಲಮ್ಮ ಬಾಗಿಲಿಗೆ ಬಂದು ನಿಂತರು.

“ದೇವದುರ್ಗಕ್ಕ ಹೊಂಟೀನಿ. ಹುಡುಗಿನ್ನ ಕಳಸವ್ವಾ, ಹಾಡಾಕ ಬೇಕು.”

“ಇವತ್ತ ಬ್ಯಾಡ್ರೀ ಅಮ್ಮಾರ. ಮಂದಿ ಯಾರೂ ಹೊರಗ ಬರಂಗಿಲ್ಲ.”

“ಅದಕ್ಕ ಹೋಗೋದು. ದೇವರ ಮಕ್ಕಳು ನೆಳ್ಳಿಗೆ ಅಂಜಂಗಿಲ್ಲ ಅಂತ ಊರಿಗೆ ಗೊತ್ತಾಗಲಿ.”

ಅವ್ವ ನನ್ನ ತಲೆ ಬಾಚಿ ಕಳಿಸಿದಳು. ಬೈಬಲಮ್ಮನಿಗೆ ಎದುರಾಡುವ ಧೈರ್ಯ ನಮ್ಮ ಸಭೆಯಲ್ಲಿ ಯಾರಿಗಿತ್ತು?

ಬಸ್ಸಿನಲ್ಲಿ ನಾವಿಬ್ಬರು, ಕಂಡಕ್ಟರು, ಡ್ರೈವರು, ಅಷ್ಟೇ ಅನ್ನಬೇಕು. ದೇವದುರ್ಗದಲ್ಲಿ ಇಳಿದರೆ ಅಂಗಡಿಗಳೆಲ್ಲ ಬಂದ್. ವಿಶ್ವಾಸಿಗಳ ಮನೆಗಳ ಬಾಗಿಲು ಬಡಿದೆವು, ನಮ್ಮವರೂ ತೆರೆಯಲಿಲ್ಲ. ಒಳಗೆ ಪಿಸುಮಾತು ಕೇಳುತ್ತಿತ್ತು. ಬೈಬಲಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಇಷ್ಟ ವರ್ಷ ಕಲಿಸಿದ್ದು ನೀರಾಗ ಹೋತು,” ಅನ್ನುತ್ತ ನನ್ನ ಕೈ ಹಿಡಿದು ಓಣಿಯಿಂದ ಓಣಿಗೆ ದಾಪುಗಾಲು ಹಾಕಿದರು. ಹಾಡು ಅಂದರು. ಹಾಡಿದೆ. ಖಾಲಿ ಓಣಿಯಲ್ಲಿ ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.

ಆಮೇಲೆ ಬಿಸಿಲಿನ ಬಣ್ಣ ಕೆಟ್ಟಿತು. ಬಿಸಿಲು ಇತ್ತು, ಆದರೆ ತೊಳೆಯದ ಹಿತ್ತಾಳೆಯ ಹಾಗೆ ಮಂಕಾಗಿತ್ತು. ತಣ್ಣನೆಯ ಗಾಳಿ ಬೀಸಿತು. ಕೋಳಿಗಳು ಒಂದರ ಹಿಂದೆ ಒಂದು ಗೂಡಿಗೆ ನಡೆದವು. ನಾಯಿಯೊಂದು ಗೋಡೆಗೆ ಒತ್ತಿಕೊಂಡು ಕುಂಯ್‌ಗುಟ್ಟಿತು. “ಹಾಡು ನಿಲ್ಲಸಬ್ಯಾಡ,” ಅಂದರು ಬೈಬಲಮ್ಮ. ಅವರ ಅಂಗೈ ಬೆವೆತಿತ್ತು. ನೋಡನೋಡುತ್ತಿದ್ದಂತೆ ಯಾರೋ ದೀಪ ಆರಿಸಿದ ಹಾಗೆ ಕತ್ತಲು ಕವಿಯಿತು. ಮೇಲೆ ಚಿಕ್ಕೆ ಕಂಡವು. ಸೂರ್ಯನಿದ್ದ ಜಾಗದಲ್ಲಿ ಒಂದು ಕರೀ ಗುಂಡು... ಆಗಲೇ ಎಲ್ಲಿಂದಲೋ, ಯಾವುದೋ ಗುಡಿಯಿಂದ ಇರಬೇಕು, ಶಂಖ ಊದಿದ ಸದ್ದು ಬಂತು.

ಬೈಬಲಮ್ಮ ನನ್ನ ಕೈ ಬಿಟ್ಟುಬಿಟ್ಟರು. ಧೂಳಿನಲ್ಲಿ ಕುಸಿದು ಬಿದ್ದರು. “ಬಂದ... ಬಂದು ಹ್ವಾದ,” ಅಂದರು. “ಎಲ್ಲಾರೂ ಹ್ವಾದ್ರು. ಊರಾಗ ಒಬ್ಬರೂ ಇಲ್ಲ. ನಾ ಉಳದೆ. ಯಪ್ಪಾ, ನಾ ಉಳದೆ!”

ಆ ಗಳಿಗೆಯ ಅಂಜಿಕೆಯನ್ನು ಹೇಗೆ ಹೇಳಲಿ? ಕತ್ತಲಿಗಲ್ಲ ನಾನು ಅಂಜಿದ್ದು. ಬೈಬಲಮ್ಮ ಇಲ್ಲೇ ಇದ್ದಾರೆ, ಹಾಗಾದರೆ ಏನೂ ಆಗಿಲ್ಲ ಅಂತ ನಾನು ಲೆಕ್ಕ ಹಾಕುತ್ತಿದ್ದೆನಲ್ಲ, ಅವರು ಉಲ್ಟಾ ಲೆಕ್ಕ ಹಾಕಿದ್ದರು. ಅಷ್ಟು ಉಪವಾಸ ಮಾಡಿದವರು, ಅಷ್ಟು ಊರು ತಿರುಗಿದವರು, ಒಂದು ಶಬ್ದ ತಪ್ಪದೆ ವಚನ ಒಪ್ಪಿಸುವವರು, ತಮ್ಮನ್ನು ಬಿಟ್ಟುಹೋಗಿದ್ದಾನೆ ಅಂತ ತಟ್ಟನೆ ನಂಬಿಬಿಟ್ಟರು! ಅವರದೇ ಹೀಗಾದರೆ ನನ್ನದೇನು ಗತಿ?

ಆಗ ಎದುರಿನ ಮನೆಯ ಬಾಗಿಲು ತೆರೆಯಿತು. ತುಂಬು ಬಸುರಿ ಹೆಣ್ಣುಮಗಳೊಬ್ಬಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಹೊರಗೆ ಓಡಿಬಂದಳು. ಒಳಗಿನಿಂದ ಅವಳ ಅತ್ತೆ ಚೀರುತ್ತಿದ್ದಳು. ಗ್ರಹಣ ಹಿಡಿದಾಗ ಬಸುರಿ ಹೊರಗೆ ಬಂದರೆ ಹುಟ್ಟುವ ಕೂಸಿಗೆ ಕುಂದು ಅಂತ ನಮ್ಮ ಕಡೆ ಸಾಬರ ಮನೆಗಳಲ್ಲೂ ಗಟ್ಟಿ ನಂಬಿಕೆ. ಅವಳು “ಅಂದರ್ ಆವೋ ಅಮ್ಮಾ, ಬರ್ರಿ ಒಳಗ,” ಅನ್ನುತ್ತ ಬೈಬಲಮ್ಮನ ರೆಟ್ಟೆ ಹಿಡಿದು ದರದರ ಎಳೆದಳು. ಇನ್ನೊಂದು ಕೈಯಲ್ಲಿ ನನ್ನನ್ನು. ಬಾಗಿಲು ಹಾಕಿಕೊಂಡಿತು.

ಎರಡು ಮೂರು ನಿಮಿಷದಲ್ಲಿ ಬೆಳಕು ಬಂತು. ಕೋಳಿ ಕೂಗಿದವು. ಅತ್ತೆ ಇನ್ನೂ ಬೈಯುತ್ತಿದ್ದಳು, ಸೊಸೆ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಬೈಬಲಮ್ಮ ಅವಳನ್ನೇ ನೋಡಿ ಕೇಳಿದರು:

“ನಿನಗ ಅಂಜಿಕಿ ಇರಲಿಲ್ಲೇನವ್ವಾ?”

“ಯಾಕಿರಲ್ಲರೀ ಅಮ್ಮಾ? ಜೀವ ಬಾಯಿಗೆ ಬಂದಿತ್ತು. ಆದ್ರ ನೀವು ಬಿದ್ದಿದ್ರಿ...”

ಮಾನ್ವಿಗೆ ಬರುವ ಬಸ್ಸಿನಲ್ಲಿ, ಸಿರವಾರ ದಾಟಿದ ಮೇಲೆ, ಬೈಬಲಮ್ಮ ನನಗೋ ತಮಗೋ ಹೇಳಿದರು. “ನಾ ಯಾರು, ಏನ ಮಾಡೀನಿ, ಏನೂ ಕೇಳಲಿಲ್ಲ ನೋಡು ಆಕಿ. ಬಿದ್ದೀನಿ ಅಂತ ಎಳಕೊಂಡ್ಲು. ಕೃಪೆ ಕೃಪೆ ಅಂತ ಊರೆಲ್ಲಾ ಹೇಳಿಕೋತ ಬಂದೆ... ನನಗ ಅದು ಗೊತ್ತ ಇರಲಿಲ್ಲಬೇ.” ನನಗೆ ಅರ್ಥವಾಗಲಿಲ್ಲ. ಅವರು ಅಳುತ್ತಿದ್ದಾರೆ ಅನ್ನುವುದಷ್ಟೇ ಗೊತ್ತಾಗಿ ಇನ್ನಷ್ಟು ಅಂಜಿಕೆಯಾಯಿತು.

ಮುಂದಿನ ವಾರಗಳಲ್ಲಿ ಅವರು ಮತ್ತೆ ಮತ್ತೆ ದೇವದುರ್ಗಕ್ಕೆ ಹೋದರು. ಆ ಕೂಸಿಗೆ ತಮ್ಮಿಂದ ಏನಾದರೂ ಆದರೆ ಅನ್ನುವ ದಿಗಿಲು. ನೆರಳಿಗೆ ಅಂಜಬಾರದು ಅಂದವರಿಗೆ ಈಗ ಹಗಲೂ ಇರುಳೂ ಅದೇ ಅಂಜಿಕೆ. ಹೆಣ್ಣುಕೂಸು ಹುಟ್ಟಿತು. ಅವರು ಅದರ ತುಟಿ, ಕಿವಿ, ಬೆರಳು ಎಲ್ಲ ಸವರಿ ನೋಡಿ, ಏನೂ ಕುಂದಿಲ್ಲ ಅಂತ ಗೊತ್ತಾದ ಮೇಲೆ ಆ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತರಂತೆ. ಅತ್ತೆಯೂ ಅತ್ತಳಂತೆ.

ಆಮೇಲೆ ಅವರ ಪಾಠ ಬದಲಾಯಿತು. ವಚನ ಒಪ್ಪಿಸಿದವರಿಗೂ ಕಾರ್ಡು, ತಪ್ಪಿದವರಿಗೂ ಕಾರ್ಡು, ಬಾಯೇ ಬಿಡದೆ ಮೂಗು ಒರೆಸುತ್ತ ಕೂತವನಿಗೂ ಕಾರ್ಡು! ನನಗೆ ಮೈಯೆಲ್ಲ ಉರಿಯಿತು. “ಇದ್ಯಾವ ನ್ಯಾಯರೀ ಅಮ್ಮಾರ?” ಅಂತ ಕೇಳಿಯೇಬಿಟ್ಟೆ. “ನ್ಯಾಯ ಅಲ್ಲಬೇ ಇದು,” ಅಂದು ನಕ್ಕರು. ಸಭೆಯ ಹಿರಿಯರಿಗೂ ಇದು ಸೇರಲಿಲ್ಲ. ಬೈಬಲಮ್ಮನಿಗೆ ವಯಸ್ಸಾಯಿತು, ಶಿಸ್ತು ಹೋಯಿತು ಅಂದರು. ಬೀಸುಕಲ್ಲಿನ ಕತೆಯನ್ನು ಅವರು ಆಮೇಲೂ ಹೇಳುತ್ತಿದ್ದರು, ಆದರೆ ಯಾರ ಕಡೆಗೂ ಬೆರಳು ಮಾಡುತ್ತಿರಲಿಲ್ಲ.

ನಾನು ರಾಯಚೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಗ ಅವರನ್ನು ನಮ್ಮ ವಾರ್ಡಿಗೇ ತಂದು ಹಾಕಿದರು. ಹೊಟ್ಟೆಯಲ್ಲಿ ಗಡ್ಡೆ. ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಹಗಲು ಚೆನ್ನಾಗಿಯೇ ಇರುತ್ತಿದ್ದರು, ನನ್ನ ಟೋಪಿ ನೋಡಿ ಚೇಷ್ಟೆ ಮಾಡುತ್ತಿದ್ದರು. ಹೊತ್ತು ಇಳಿಯಿತೆಂದರೆ ಹಳೆಯ ಅಂಜಿಕೆ ಬಂದು ಹಿಡಿಯುತ್ತಿತ್ತು. “ಕತ್ತಲಾಗಾಕತ್ತದ... ಇಲ್ಲೇ ಇರು,” ಅಂದು ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಒಮ್ಮೆ ತಿಳಿದದ್ದು ಸಾಯುವವರೆಗೆ ತಿಳಿದೇ ಇರುತ್ತದೆ ಅಂತ ನಾನು ಎಣಿಸಿದ್ದೆ. ಹಾಗಿಲ್ಲ. ಅಂಜಿಕೆ ದಾರಿ ಮರೆಯುವುದಿಲ್ಲ.

ಒಂದು ಸಂಜೆ ಮಾನ್ವಿಯಿಂದ ಪಾದ್ರಿಗಳೂ ಸಭೆಯ ಹಿರಿಯರೂ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಇಲ್ಲ ಅನ್ನುವುದಿಲ್ಲ. ಮಂಚದ ಸುತ್ತ ನಿಂತು ಪ್ರಾರ್ಥನೆ ಮಾಡಿದರು. ಹಿರಿಯರೊಬ್ಬರು ಹೇಳತೊಡಗಿದರು: “ನೀವ್ಯಾಕ ಅಂಜ್ತೀರಿ ಅಮ್ಮಾರ? ಎಷ್ಟು ಊರು ತಿರುಗೀರಿ, ಎಷ್ಟು ಉಪವಾಸ ಮಾಡೀರಿ, ಎಷ್ಟು ಮಂದಿಗೆ ದಾರಿ ತೋರಿಸೀರಿ! ಬಿತ್ತಿದ್ದು ಬೆಳೀತದ. ನಿಮ್ಮ ಸೇವಾಕ್ಕ ಅಲ್ಲಿ ಕಿರೀಟ ಕಾದದ.”

ಬೈಬಲಮ್ಮನ ಮುಖ ಬಿಳಿಚಿಕೊಂಡಿತು. ಅವರ ತುಟಿ ಏನನ್ನೋ ಎಣಿಸುತ್ತಿತ್ತು. ಊರುಗಳನ್ನೋ, ಉಪವಾಸಗಳನ್ನೋ... ಎಣಿಸಿ ಸಾಲದೆ ಮತ್ತೆ ಮೊದಲಿನಿಂದ. ಈ ಒಳ್ಳೆಯ ಮನುಷ್ಯರು ಅವರನ್ನು ಮತ್ತೆ ಆ ಖಾಲಿ ಓಣಿಗೆ ಒಯ್ದು ಬಿಟ್ಟಿದ್ದರು. ಹೀಗೇ ಬಿಟ್ಟರೆ ಈ ಹೆಣ್ಣುಮಗಳು ಅಂಜಿಕೊಂಡೇ ಸಾಯುತ್ತಾಳೆ ಅನ್ನಿಸಿತು. ಎಲ್ಲಿಂದ ಧೈರ್ಯ ಬಂತೋ, ಹಿರಿಯರನ್ನು ಸರಿಸಿ ಬೈಬಲಮ್ಮನ ಕಿವಿಯ ಹತ್ತಿರ ಬಾಗಿದೆ.

“ಅಮ್ಮಾರ, ನೀವು ಏನೂ ಮಾಡಿಲ್ರೀ.”

“ಏನ್ ಮಾತದು!” ಅಂದರು ಹಿರಿಯರು. ಪಾದ್ರಿಗಳು ಆ ಹಿರಿಯರ ತೋಳು ಹಿಡಿದು ತಡೆದರು.

ಬೈಬಲಮ್ಮ ಕಣ್ಣು ತೆರೆದರು. “ಏನೂ ಇಲ್ಲಲ್ಲ?”

“ಏನೂ ಇಲ್ರೀ. ನೀವು ಬಿದ್ದೀರಿ, ಅಷ್ಟ. ಒಳಗ ಎಳಕೊಳ್ಳೋದು ಕರ್ತನ ಕೆಲಸ.”

“ಹೌದ ನೋಡು,” ಅಂದರು. ಎಣಿಸುತ್ತಿದ್ದ ತುಟಿ ನಿಂತಿತು. ಕಿಟಕಿಯಲ್ಲಿ ಆಗಲೇ ಕತ್ತಲಾಗಿತ್ತು, ಅವರು ಅದರ ಮಾತೇ ಎತ್ತಲಿಲ್ಲ. ಮರುದಿನ ಮಧ್ಯಾಹ್ನ, ನಾನು ಬೇರೆ ರೋಗಿಗೆ ಇಂಜೆಕ್ಷನ್ ಕೊಡುತ್ತಿದ್ದಾಗ, ಹೋದರು.

ಅವರನ್ನು ಮಣ್ಣು ಮಾಡುವಾಗ ಹಿರಿಯರು ಮತ್ತೆ ಎಲ್ಲ ಊರುಗಳ ಹೆಸರು ಹೇಳಿದರು. ಹೇಳಲಿ ಬಿಡು, ಇನ್ನು ಅವರಿಗೆ ಕೇಳಿಸುವುದಿಲ್ಲ ಅಂದುಕೊಂಡೆ.

ಈಗ ನಾನೂ ನಿವೃತ್ತಿಯ ಹೊಸ್ತಿಲಲ್ಲಿದ್ದೇನೆ. ಆಸ್ಪತ್ರೆಯ ಹುಡುಗಿಯರು ಈಗಲೇ ಸನ್ಮಾನದ ಮಾತಾಡುತ್ತಾರೆ. ಎಷ್ಟು ಹೆರಿಗೆ ಮಾಡಿಸೀರಿ, ಎಷ್ಟು ಜೀವ ಉಳಿಸೀರಿ ಸಿಸ್ಟರ್ ಅನ್ನುತ್ತಾರೆ. ಕೇಳಲು ಹಿತವೇ. ಆದರೆ ಬೆಳಗಿನ ಜಾವ ಎಚ್ಚರವಾದಾಗ ನಾನೂ ಎಣಿಸುತ್ತಿರುತ್ತೇನೆ, ಯಾವತ್ತೂ ಸಾಲುವುದಿಲ್ಲ. ಮೊನ್ನೆ ಮಗಳಿಗೆ ಹೇಳಿದೆ: “ನಾ ಸಾಯೋ ಹೊತ್ತಿಗೆ ನನ್ನ ಹೊಗಳಬ್ಯಾಡ. ಅವ್ವಾ, ನೀ ಏನೂ ಮಾಡಿಲ್ಲ ಅಂತ ಹೇಳು.” ಅವಳಿಗೆ ಕಣ್ಣಲ್ಲಿ ನೀರು ಬಂತು. “ಹಂಗ್ಯಾಕಂತೀಯವ್ವಾ? ನಮಗ ಎಷ್ಟ ಮಾಡೀದಿ ನೀನು!” ಅಂದಳು. ಅವಳಿಗೆ ತಿಳಿಸಿ ಹೇಳುವುದು ಹೇಗೆ... ಅವತ್ತು ಬೈಬಲಮ್ಮನಿಗೆ ಹೇಳಲು ನಾನಿದ್ದೆ. ನನಗೆ ಹೇಳಲು ಬೈಬಲಮ್ಮ ಇಲ್ಲ.