ಹಲ್ಲಿನ ಮೇಷ್ಟ್ರ ಕಳ್ಳ

ಹಲ್ಲು ಕೀಳುವುದು ಎದುರು ಕಟ್ಟಡದ ಡಾಕ್ಟರ ಕೆಲಸ, ಕಟ್ಟುವುದು ಹಲ್ಲಿನ ಮೇಷ್ಟ್ರದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಲ್ಲುಸೆಟ್ಟಿಗೆ ಬಂದವರನ್ನು ಕೂರಿಸಿಕೊಂಡು ಅಗಿಯುವುದು ಹೇಗೆ, ತೊಳೆಯುವುದು ಹೇಗೆ ಎಂದು ಅರ್ಧ ಗಂಟೆ ಕೊರೆಯುತ್ತಿದ್ದರಿಂದ ಬೀದಿಯವರೇ ದಯಪಾಲಿಸಿದ ಬಿರುದು ಅದು. ಮೊದಲ ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಒಂದು ಕುರ್ಚಿ, ಒಂದು ದೀಪ, ಗೋಡೆಗೆ ಟಿವಿ. ಹಿಂದಿನದರಲ್ಲಿ ಅಚ್ಚುಗಳು, ಪಾಲಿಶ್ ಯಂತ್ರ, ಅದರ ಮುಂದೆ ಕೆಲಸ ಕಲಿಯುತ್ತಿರುವ ಮಗಳು.

ಟಿವಿ ಇಟ್ಟದ್ದು ಹೊತ್ತು ಕಳೆಯಲಿಕ್ಕಲ್ಲ. ಹಲ್ಲು ಜೋಡಿಸುವ ಮೊದಲು ವಸಡಿನ ಮೇಲೆ ಮೇಣದ ಪಟ್ಟಿ ಕೂರಿಸಬೇಕು. ಮನುಷ್ಯ ನಕ್ಕಾಗ ಮೇಲ್ತುಟಿ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಚಾಕುವಿನಿಂದ ಒಂದು ಗೆರೆ ಎಳೆಯಬೇಕು. ಹಲ್ಲಿನ ಉದ್ದ ತೀರ್ಮಾನವಾಗುವುದು ಆ ಗೆರೆಯಿಂದ. ಗೆರೆ ತಪ್ಪಿತೋ, ಕುದುರೆಯ ಮುಖ. ಇಲ್ಲವೇ ಹಲ್ಲಿದ್ದೂ ಬೊಚ್ಚುಬಾಯಿ. ಆದರೆ ‘ನಗಿ’ ಎಂದರೆ ಯಾರು ನಗುತ್ತಾರೆ? ಫೋಟೋಗೆ ಕೂತವರ ಹಾಗೆ ತುಟಿ ಎಳೆಯುತ್ತಾರೆ, ಅಷ್ಟೇ. ನಿಜವಾದ ನಗು ಬರಲೆಂದು ಮೇಷ್ಟ್ರು ಹಾಕುತ್ತಿದ್ದದ್ದು ಒಂದೇ ಒಂದು ಹಳೆಯ ಬ್ರಿಟಿಷ್ ಹಾಸ್ಯಚಿತ್ರ. ಯಾರೋ ಗಿರಾಕಿ ಮರೆತುಹೋದ ಡಿಸ್ಕು ಅದು.

ಅದರಲ್ಲಿ ಅಂಥದ್ದೇನಿತ್ತೋ! ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಅದರ ಭಾಷೆ ತಿಳಿಯದು. ಆದರೂ ಕಾಲು ಗಂಟೆಯೊಳಗೆ ಎಂಥ ಸಿಡುಕರೂ ನಕ್ಕೇ ನಗುತ್ತಿದ್ದರು. ಗೆರೆ ಎಳೆದಾದ ಮೇಲೂ ಕುರ್ಚಿ ಬಿಡುತ್ತಿರಲಿಲ್ಲ. ಕೆಲವರು ‘ಸೆಟ್ಟು ಸ್ವಲ್ಪ ಒತ್ತುತ್ತೆ’ ಎಂದು ನೆಪ ತೆಗೆದು ಮತ್ತೆ ಬಂದು, ಮತ್ತೆ ಅದನ್ನೇ ನೋಡಿ ಹೋಗುತ್ತಿದ್ದರು. ತಮಾಷೆಯೆಂದರೆ, ಹತ್ತೊಂಬತ್ತು ವರ್ಷದಲ್ಲಿ ಮೇಷ್ಟ್ರು ಮಾತ್ರ ಆ ಚಿತ್ರ ನೋಡಿರಲಿಲ್ಲ. ಟಿವಿ ಅವರ ಬೆನ್ನಿಗೆ, ಕಣ್ಣು ಎದುರಿನವರ ತುಟಿಗೆ. “ಕಥೆ ಗೊತ್ತಾದ್ರೆ ನಾನೇ ನಕ್ಕುಬಿಡ್ತೀನಿ, ಕೈ ಅಲುಗುತ್ತೆ” ಎಂದು ಹಟ ಹಿಡಿದಿದ್ದರು.

ಕಿವಿಯನ್ನು ಮಾತ್ರ ಮುಚ್ಚಿಕೊಳ್ಳಲಾಗುತ್ತದೆಯೇ? ಬಾಗಿಲ ಗಂಟೆ, ಸದ್ದಾಗದ ಹಾಗೆ ಇಡುವ ಹೆಜ್ಜೆ, ಪಿಸುಮಾತು. ಇದು ಕಳ್ಳನ ಕಥೆಯೇ ಸರಿ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟರು. ಗಂಟೆ ಕಿಣಿಗುಟ್ಟಿದಾಗಲೆಲ್ಲ ಕುರ್ಚಿಯಲ್ಲಿದ್ದವರಿಗೆ ವಿವರಣೆ: “ಬಂದ ನೋಡಿ ಕಳ್ಳ! ಈಗ ಬೀರು ತೆಗೀತಾನೆ!” ಬಾಯಿ ತುಂಬ ಮೇಣ ಇಟ್ಟುಕೊಂಡವರು ತಿದ್ದುವುದಾದರೂ ಹೇಗೆ? ತಲೆಯಾಡಿಸುತ್ತಿದ್ದರು.

ಊರಿಗೆಲ್ಲ ಹಲ್ಲು ಕಟ್ಟಿದವರಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಸ್ವಂತ ಹಲ್ಲು ಕೈಕೊಟ್ಟವು. ಉಳಿದಿದ್ದ ನಾಲ್ಕನ್ನೂ ಡಾಕ್ಟರು ಕಿತ್ತರು. ವಸಡು ಮಾಯಲು ಎರಡು ತಿಂಗಳು ಬೇಕಾಯಿತು. ಅಷ್ಟು ದಿನವೂ ಮೇಷ್ಟ್ರು ಬಾಯಿಗೆ ಟವೆಲ್ ಅಡ್ಡ ಹಿಡಿದೇ ಇದ್ದರು. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಗಿರಾಕಿಗಳೆದುರು ಬರುವುದಿರಲಿ, ಮಗಳೊಂದಿಗೂ ತುಟಿ ಬಿಗಿಹಿಡಿದೇ ಮಾತು. ಸಾವಿರ ಬೋಳು ಬಾಯಿ ಕಂಡವರಿಗೆ ತಮ್ಮದೊಂದನ್ನು ತೋರಿಸಲು ನಾಚಿಕೆ.

ಅವರ ಸೆಟ್ಟು ಕಟ್ಟುವ ಕೆಲಸ ಮಗಳ ಪಾಲಿಗೆ ಬಂತು. ಅವಳು ಒಬ್ಬಳೇ ಕಟ್ಟಲಿರುವ ಮೊದಲ ಪೂರ್ತಿ ಸೆಟ್ಟು.

“ಅಪ್ಪಾ, ಸುಳ್ಳು ನಗುವಿಗೆ ನಾನು ಗೆರೆ ಹಾಕಲ್ಲ. ನಗು ಬರ್ಲಿಲ್ಲ ಅಂದ್ರೆ ಸೆಟ್ಟೂ ಇಲ್ಲ. ನೀವೇ ಹೇಳ್ಕೊಟ್ಟಿದ್ದು” ಎಂದಳು.

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಮೊದಲ ಬಾರಿಗೆ ಟಿವಿ ಅವರ ಎದುರಿಗಿತ್ತು. ಹೆದರಿಕೆಯ ಜೊತೆಗೇ ಚಿಕ್ಕ ಮಕ್ಕಳಂಥ ಕುತೂಹಲವೂ ಹುಟ್ಟಿತು. ಆ ಕಳ್ಳ ನೋಡಲು ಹೇಗಿರಬಹುದು?

ಗಂಟೆ ಕಿಣಿಗುಟ್ಟಿತು. ಬಂದವನು ಪಾದ್ರಿ! ಅದು ಮನೆಯೂ ಅಲ್ಲ, ಪುಟ್ಟ ಹಳ್ಳಿಯೊಂದರ ಲೈಬ್ರರಿ. ಓದುವವರಿಲ್ಲವೆಂದು ಅದನ್ನು ಮುಚ್ಚಿಸಲು ಬಂದ ಅಧಿಕಾರಿ ಮೂಲೆಯಲ್ಲಿ ಕೂತು ತಲೆ ಎಣಿಸುತ್ತಿದ್ದಾನೆ. ಹಳ್ಳಿಯಲ್ಲಿರುವುದೇ ಏಳೆಂಟು ಜನ. ಅವರೇ ಹಿಂಬಾಗಿಲಿನಿಂದ ಮೆಲ್ಲಗೆ ಜಾರಿ, ಟೋಪಿ ಬದಲಿಸಿ, ಮುಂಬಾಗಿಲಿನಿಂದ ಮತ್ತೆ ಬರುತ್ತಾರೆ. ಪಾದ್ರಿಯಂತೂ ಮೂರನೇ ಸಲ ಯಾವುದೋ ಅಜ್ಜಿಯ ಕೋಟು ತೊಟ್ಟು ಬಂದ. ಅಧಿಕಾರಿಗೆ ಎಲ್ಲ ತಿಳಿದಿದೆ, ತಿಳಿಯದವನ ಹಾಗೆ ಬರೆದುಕೊಳ್ಳುತ್ತಿದ್ದಾನೆ.

ಮೇಷ್ಟ್ರಿಗೆ ನಗು ಬರಲಿಲ್ಲ. ಕಳ್ಳನಿಗಾಗಿ ಕಾದು ಕಾದು ಮೋಸಹೋದ ಹಾಗಾಯಿತು. ಸಾಲದ್ದಕ್ಕೆ ಕಣ್ಣು ಪಾದ್ರಿಯ ಬಾಯಿಗೇ ಹೋಗುತ್ತಿತ್ತು. ಇವನ ಮೇಲಿನ ಸೆಟ್ಟು ಕೂದಲೆಳೆಯಷ್ಟು ಉದ್ದವಾಯಿತಲ್ಲ, ಯಾವ ಪುಣ್ಯಾತ್ಮ ಕಟ್ಟಿದನೋ! ಅರ್ಧ ಗಂಟೆಯಾಯಿತು. ಚಾಕು ಹಿಡಿದು ನಿಂತ ಮಗಳ ಕೈ ಸೋಲುತ್ತಿತ್ತು. ಊರನ್ನೆಲ್ಲ ನಗಿಸಿದ ಚಿತ್ರ ತನ್ನನ್ನೊಬ್ಬನನ್ನೇ ಕೈಬಿಟ್ಟಿತಲ್ಲ, ಇನ್ನು ಟವೆಲ್ಲೇ ಗತಿ ಎಂದುಕೊಂಡರು.

ಮಗಳು ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕಿದಳು.

ಈ ಸಲ ಮೇಷ್ಟ್ರು ಯಾವ ಕಳ್ಳನಿಗೂ ಕಾಯಲಿಲ್ಲ. ಯಾರು ಯಾವ ಟೋಪಿಯಲ್ಲಿ ಬರುತ್ತಾರೆಂದು ಗೊತ್ತಿತ್ತು. ಯಾರೂ ಸಿಕ್ಕಿಬೀಳುವುದಿಲ್ಲ, ಯಾರಿಗೂ ಅವಮಾನವಾಗುವುದಿಲ್ಲ ಎಂಬುದೂ ಗೊತ್ತಿತ್ತು. ಹೀಗೆ ಗೊತ್ತಿದ್ದು ಕೂರುವುದರಲ್ಲೂ ಒಂದು ಸುಖವಿದೆ ಅನಿಸಿ ಮೈ ಸಡಿಲವಾಯಿತು. ಪಾದ್ರಿ ಅಜ್ಜಿಯ ಕೋಟಿನಲ್ಲಿ ಬರುವ ಹೊತ್ತು. ಗಂಟೆ ಕಿಣಿಗುಟ್ಟಿತು. ಮಗಳು ತಿರುಗಿಯೂ ನೋಡದೆ, ಅಪ್ಪನದೇ ದನಿ ತೆಗೆದು, ಗಂಭೀರವಾಗಿ ಹೇಳಿದಳು:

“ಬಂದ ನೋಡಿ ಕಳ್ಳ! ಈಗ ಬೀರು ತೆಗೀತಾನೆ!”

ಮೇಷ್ಟ್ರು ನಕ್ಕರು. ಹೊಟ್ಟೆ ಕುಣಿದು, ಕುರ್ಚಿ ಅಲುಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹತ್ತೊಂಬತ್ತು ವರ್ಷ ಎಷ್ಟು ಜನರಿಗೆ ಈ ಕಥೆ ಹೇಳಿದ್ದೆನಪ್ಪಾ! ಚಾಕು ಒಮ್ಮೆ ಮೇಣ ಸವರಿ ಹಿಂದೆ ಸರಿಯಿತು. ಆಮೇಲಷ್ಟೇ ಮಗಳು ತಾನೂ ಬಿದ್ದು ಬಿದ್ದು ನಕ್ಕಳು.

ಮೇಷ್ಟ್ರು ಮೇಣ ತೆಗೆದು ದೀಪಕ್ಕೆ ಹಿಡಿದು ನೋಡಿದರು. ಗೆರೆ ನೇರವಾಗಿತ್ತು. ಎದ್ದವರೇ ಬೋಳು ಬಾಯಲ್ಲೇ ಬಾಗಿಲು ತೆರೆದರು. ಹೊರಗಿನ ಬೆಂಚಿನ ಮೇಲೆ, ‘ಒತ್ತುತ್ತೆ’ ಎಂದು ಮೂರನೇ ಸಲ ಬಂದ ರಿಟೈರಾದ ನರ್ಸಮ್ಮ ಕೂತಿದ್ದರು.

“ಅಮ್ಮಾ, ತಪ್ಪಾಗೋಯ್ತು. ಅದರಲ್ಲಿ ಕಳ್ಳನೇ ಇಲ್ಲ ಕಣ್ರೀ!”

“ಗೊತ್ತು ಬಿಡಿ ಮೇಷ್ಟ್ರೇ” ಎಂದರು ನರ್ಸಮ್ಮ. “ಆ ಪಾದ್ರಿ ಬಂದಾಗ್ಲೆಲ್ಲ ನೀವು ಕಳ್ಳ ಅಂತೀರಲ್ಲ, ಅದನ್ನ ಕೇಳೋಕೇ ನಾವು ಬರೋದು.”