‘ಮಂಗ’ ಎನ್ನದ ಸುಲೋಚನಮ್ಮ

ಜಯಪುರದಿಂದ ಬಸರೀಕಟ್ಟೆ ಕಡೆಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ಎಲ್ಲೇ ಕೋವಿ ಶಬ್ದ ಕೇಳಲಿ, ಯಾರನ್ನೇ ವಿಚಾರಿಸಿ, ಉತ್ತರ ಒಂದೇ: "ಮಂಗ ಓಡ್ಸಿದ್ದು." ವಿಚಾರಿಸಿದವರು ಪೊಲೀಸರಾಗಲಿ, ಫಾರೆಸ್ಟಿನವರಾಗಲಿ, ಮನೆಗೆ ಬಂದ ನೆಂಟರಾಗಲಿ, ಉತ್ತರ ಬದಲಾಗುವುದಿಲ್ಲ. ಹಂದಿಗೆ ಹೊಡೆದದ್ದಾದರೂ ಮಂಗ, ಮದುವೆ ಮನೆಯ ಗರ್ನಾಲಾದರೂ ಮಂಗ. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಅಂಥ ಊರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೋವಿ ಹಿಡಿದು ಬದುಕಿದ ಹೆಂಗಸೊಬ್ಬಳು, ಹೇಳಲೇಬೇಕಾದ ದಿನ ಆ ಮಾತನ್ನು ಹೇಳಲಾರೆ ಎಂದು ಕೂತಳು. ಹಟಮಾರಿ ಎಂದವರುಂಟು, ತಲೆ ಕೆಟ್ಟಿದೆ ಎಂದವರೂ ಉಂಟು. ಅನ್ನಲಿ ಬಿಡಿ, ಅವರ ಬಾಯಿ, ಅವರ ಮಾತು.

ಸುಲೋಚನಮ್ಮ ಶೃಂಗೇರಿ ಕಡೆಯ ಬೇಗಾರಿನವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಒಂಟಿ ನಳಿಗೆ, ಮದ್ದು, ಚರೆ ಎಲ್ಲ ನಳಿಗೆಯ ಬಾಯಿಂದಲೇ ತುಂಬಬೇಕು. ಬೆಳೆ ಕಾಯಲೆಂದು ಸರ್ಕಾರ ಲೈಸೆನ್ಸ್ ಕೊಟ್ಟದ್ದು. ಆದರೆ ಗಂಡ ಎನ್ನುವ ಆ ಒಳ್ಳೆಯ ಮನುಷ್ಯನಿಗೆ ಕೋವಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಈಡು ಹಾರಿಸುವಾಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಮಂಗಗಳಿಗೂ ಅದು ಗೊತ್ತಾಗಿಹೋಗಿತ್ತು. ಅವನನ್ನು ಕಂಡರೆ ಬಾಳೆಗೊನೆ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ಮಾವ ರೇಗಿ, "ಥೂ ನಿನ್ನ, ಕೊಡಾ ಇಲ್ಲಿ" ಎಂದು ಕೋವಿಯನ್ನು ಕಿತ್ತು ಸೊಸೆಯ ಕೈಗೆ ಕೊಟ್ಟರು. ಸಿಟ್ಟಿನಲ್ಲಿ ಕೊಟ್ಟದ್ದು, ವಾಪಸ್ ಕೇಳುವ ಪ್ರಸಂಗ ಬರಲಿಲ್ಲ. ಸೊಸೆಯ ಈಡು ಗುರಿ ತಪ್ಪುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಲು ಚಿಕ್ಕಮಗಳೂರಿಗೆ ಅಲೆದಳು. ಆಫೀಸಿನಲ್ಲಿ ಒಬ್ಬರು, "ಯಾಕಮ್ಮ ಈ ವಯಸ್ಸಲ್ಲಿ? ಅಳಿಯನ ಹೆಸರಿಗೆ ಮಾಡ್ಸಿ" ಎಂದರು. "ನಮ್ಮ ಅಳಿಯನಿಗೆ ಪಟಾಕಿ ಹಚ್ಚಕ್ಕೂ ಬರಲ್ಲ ಸಾರ್" ಎಂದಳು. ಅವರು ನಕ್ಕರು. ಕೆಲಸ ಮಾತ್ರ ಆಯಿತು.

ಅಂದಿನಿಂದ ಪ್ರತಿ ಚುನಾವಣೆಗೂ, ಎಲ್ಲರಂತೆ, ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವುದು ಅವಳದೇ ಕೆಲಸ. ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, "ಸುಲೋಚನಮ್ಮ, ಇವರಿಗೆ ಫುಲ್ ಟಿಕೆಟ್ಟಾ, ಹಾಫಾ?" ಎನ್ನುತ್ತಿದ್ದ. ಚುನಾವಣೆ ಮುಗಿಯುವವರೆಗೆ ಮಂಗಗಳಿಗೆ ಹಬ್ಬ. ರಸ್ತೆಯ ಈಚೆ ಮನೆ, ಆಚೆ ಒಂದೆಕರೆ ತೋಟ. ಬಾಳೆ, ಏಲಕ್ಕಿ, ಸ್ವಲ್ಪ ಅಡಿಕೆ. ಅದರಲ್ಲೇ ಅವಳ ಅನ್ನ. ಕೋವಿ ಇಲ್ಲದಿದ್ದರೆ ಆ ಅನ್ನ ಅರ್ಧಕ್ಕರ್ಧ ಮಂಗಗಳ ಹೊಟ್ಟೆಗೆ ಹೋಗುತ್ತಿತ್ತು.

ಆ ರಸ್ತೆಯಲ್ಲೇ ಸ್ವಲ್ಪ ಮೇಲೆ ಯಜ್ಞೇಶ ಹೋಮ್‌ಸ್ಟೇ ತೆರೆದ. ಊರಿನ ಹುಡುಗನೇ, ಒಳ್ಳೆ ಮಾತುಗಾರ. ಎರಡು ರಾಟ್‌ವೀಲರ್ ನಾಯಿ ತಂದ. ಕರ್ರಗೆ, ಕರುವಿನಷ್ಟು ಎತ್ತರ. ಬಂದ ಅತಿಥಿಗಳು ಅವುಗಳ ಕುತ್ತಿಗೆ ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅತಿಥಿಗಳಿಲ್ಲದಾಗ ಗೇಟು ತೆರೆದೇ ಇರುತ್ತಿತ್ತು, ನಾಯಿಗಳು ರಸ್ತೆಯಲ್ಲಿರುತ್ತಿದ್ದವು. ಶಾಲೆ ಮಕ್ಕಳು ಸುತ್ತು ಬಳಸಿ ಹೋಗತೊಡಗಿದರು. ಕೂಲಿಗೆ ಹೋಗುವ ಹೆಂಗಸರು ಕೈಯಲ್ಲಿ ದೊಣ್ಣೆ ಹಿಡಿದರು. ಸುಲೋಚನಮ್ಮ ಖುದ್ದು ಹೋಗಿ ಹೇಳಿ ಬಂದಳು, ಒಂದಲ್ಲ, ಹಲವು ಸಲ.

"ಏನೂ ಮಾಡಲ್ಲಮ್ಮ, ಆಟ ಆಡಕ್ಕೆ ಬರ್ತವೆ ಅಷ್ಟೇ. ಓಡಬಾರ್ದು, ನಿಂತ್ಕೋಬೇಕು" ಎಂದ ಯಜ್ಞೇಶ.

ತನ್ನ ನಾಯಿಯನ್ನು ಕಟ್ಟುವುದು ಬಿಟ್ಟು ಊರಿಗೇ ನಿಲ್ಲಲು ಕಲಿಸುವ ಗಂಡಸು! ಎಂಥ ಧಿಮಾಕು ನೋಡಿ.

ಜಯಪುರದ ಬೇಕರಿಯಿಂದ ಬ್ರೆಡ್ಡು, ರಸ್ಕು, ಬನ್ನು ತಂದು ಮನೆಮನೆಗೆ ಮಾರುವ ಅನೀಸಾ ಎಂಬುವಳು ಸ್ಕೂಟಿಯಲ್ಲಿ ದಿನಾ ಆ ದಾರಿಯಾಗಿ ಬರುತ್ತಿದ್ದಳು. ಆ ದಿನವೂ ಬಂದಳು. ಸುಲೋಚನಮ್ಮ ಕೋವಿಗೆ ಮದ್ದು ತುಂಬಿಕೊಂಡು ತೋಟಕ್ಕೆ ಹೊರಟು ರಸ್ತೆ ದಾಟುತ್ತಿದ್ದಳಷ್ಟೆ, ಮೇಲಿನಿಂದ ಕಿರುಚಿದ್ದು ಕೇಳಿತು. ಓಡಿದಳು. ಐವತ್ತೆಂಟರ ಮಂಡಿ, ಆದರೂ ಓಡಿದಳು. ಸ್ಕೂಟಿ ಅಡ್ಡ ಬಿದ್ದಿತ್ತು, ಬನ್ನುಗಳು ರಸ್ತೆ ತುಂಬ. ಒಂದು ನಾಯಿ ಅನೀಸಾಳ ಮುಂಗೈಯನ್ನು ಬಾಯಲ್ಲಿ ಹಿಡಿದು ಜಗ್ಗುತ್ತಿತ್ತು, ಇನ್ನೊಂದು ಸುತ್ತ ಬೊಗಳುತ್ತ ಜಿಗಿಯುತ್ತಿತ್ತು. ಸುಲೋಚನಮ್ಮ ಕೂಗಿದಳು, ಕಲ್ಲು ಬೀರಿದಳು. ಕಲ್ಲು ಬೆನ್ನಿಗೆ ಬಿತ್ತು. ನಾಯಿ ತಿರುಗಿಯೂ ನೋಡಲಿಲ್ಲ. ಅನೀಸಾಳ ದನಿ ಸಣ್ಣದಾಗುತ್ತ ಬಂತು.

ಸುಲೋಚನಮ್ಮ ಹತ್ತಿರ ಹೋದಳು. ನಳಿಗೆಯನ್ನು ನಾಯಿಯ ಪಕ್ಕೆಗೆ, ಅನೀಸಾಳಿಗೆ ತಾಗದ ಹಾಗೆ ಓರೆಯಾಗಿ ಒತ್ತಿಹಿಡಿದು ಈಡು ಹಾರಿಸಿದಳು. ನಾಯಿ ಅಲ್ಲೇ ಸತ್ತುಬಿತ್ತು. ಇನ್ನೊಂದು ಗೇಟಿನೊಳಗೆ ಓಡಿಹೋಯಿತು.

ಸುಲೋಚನಮ್ಮ ಕೋವಿಯನ್ನು ರಸ್ತೆಯ ಬದಿಗಿಟ್ಟಳು. ಸೆರಗು ಹರಿದು ಅನೀಸಾಳ ಕೈಗೆ ಕಟ್ಟಿದಳು. ಜೀಪೊಂದು ಬಂತು, ಅದರಲ್ಲಿ ಕೂರಿಸಿಕೊಂಡು ಕೊಪ್ಪದ ಆಸ್ಪತ್ರೆಗೆ ಹೋದಳು. ಕೈ ಉಳಿಯಿತು, ಹೊಲಿಗೆ ಬಿದ್ದವು, ಎರಡು ಬೆರಳು ಮಾತ್ರ ಮತ್ತೆ ಮೇಲೆ ಏಳಲಿಲ್ಲ.

ಇತ್ತ ಊರಿನಲ್ಲಿ ಯಡವಟ್ಟಾಗಿತ್ತು. ನಾಯಿಗೆ ಗುಂಡು ಹೊಡೆದರೆಂದು ಯಜ್ಞೇಶ ಫೋನ್ ಮಾಡಿದ್ದಕ್ಕೆ ಬಂದ ಕಾನ್ಸ್‌ಟೇಬಲ್ ಪಕ್ಕದ ತೋಟದ ವಾಸಪ್ಪನನ್ನು, "ಏನ್ ಶಬ್ದ ಅದು?" ಎಂದು ಕೇಳಿದ್ದಾರೆ. ವಾಸಪ್ಪ ಕತ್ತಿ ಮಸೆಯುತ್ತಿದ್ದವನು ತಲೆ ಕೂಡ ಎತ್ತದೆ, "ಮಂಗ ಓಡ್ಸಿದ್ದು ಸಾರ್, ನಮ್ ಸುಲೋಚನಕ್ಕ" ಎಂದಿದ್ದಾನೆ. ಪಾಪ, ಸುಲೋಚನಕ್ಕನನ್ನು ಕಾಪಾಡಿದೆ ಎಂದೇ ಅವನ ಭಾವನೆ. ಅವರು ಅದನ್ನು ಬರೆದುಕೊಂಡು ಹೋದರು. ಕೋವಿಯೂ ಠಾಣೆ ಸೇರಿತು.

ಆ ಮಾತು ಯಜ್ಞೇಶನ ಕಿವಿಗೆ ಬಿದ್ದದ್ದೇ ತಡ, ಅವನ ಸಿಟ್ಟೆಲ್ಲ ಇಳಿದು ಬಾಯಿ ಸಕ್ಕರೆಯಾಯಿತು. ಸಂಜೆ ವಾಸಪ್ಪನನ್ನೂ ಕರೆದುಕೊಂಡು ಸುಲೋಚನಮ್ಮನ ಜಗಲಿಗೆ ಬಂದ.

"ಆಗಿದ್ದು ಆಗೋತು ಅಮ್ಮ. ನಾನು ಕೇಸ್ ಮುಂದುವರ್ಸಲ್ಲ. ವಾಸಪ್ಪಣ್ಣ ಹೇಳಿದ್ದನ್ನೇ ನೀವೂ ಹೇಳಿ. ಮಂಗಕ್ಕೆ ತೋಟದಲ್ಲಿ ಹೊಡೆದ್ರಿ, ನಾಯಿ ಅಡ್ಡ ಬಂತು. ಶಬ್ದಕ್ಕೆ ಹೆದರಿ ಅನೀಸಾ ಗಾಡಿಯಿಂದ ಬಿದ್ಲು. ನಿಮ್ ಕೋವಿ ನಿಮ್ ಕೈಗೆ ಬರುತ್ತೆ. ಅವಳ ಆಸ್ಪತ್ರೆ ಖರ್ಚು ನಂದು."

"ಕೈಯಲ್ಲಿ ಹಲ್ಲಿನ ಗುರುತು ಇದೆಯಲ್ಲ?"

"ಬಿದ್ದಾಗ ಗಾಬರಿಗೆ ನಾಯಿ ಒಂದ್ ಸ್ವಲ್ಪ ಬಾಯಿ ಹಾಕಿರಬೋದು. ಅದೆಲ್ಲ ಯಾರ್ ಕೇಳ್ತಾರೆ?"

ವಾಸಪ್ಪ ಗಂಟಲು ಸರಿಮಾಡಿಕೊಂಡ. "ಸುಲೋಚನಕ್ಕ, ರಸ್ತೇಲಿ ಹೊಡೆದೆ ಅಂದ್ರೆ ಲೈಸೆನ್ಸ್ ಹೋತು ಅಂತ್ಲೇ ಲೆಕ್ಕ. ಅದು ತೋಟಕ್ಕೆ ಕೊಟ್ಟ ಕೋವಿ. ನಾಳೆಯಿಂದ ಮಂಗಕ್ಕೆ ಎಂತ ಮಾಡ್ತೀಯ ಹೇಳು. ಒಂದು ಮಾತು ಮಾರಾಯ್ತಿ, ನಾವೆಲ್ಲ ಯಾವಾಗ್ಲೂ ಹೇಳೋ ಮಾತೇ."

ಸುಲೋಚನಮ್ಮನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ತಾನೂ ಎಷ್ಟು ಸಲ ಹೇಳಿಲ್ಲ ಆ ಮಾತನ್ನು! ಇದೊಂದು ಸಲ ಹೇಳಿದರೆ ಕೋವಿ ಮನೆಗೆ ಬರುತ್ತದೆ, ಬದುಕು ಮೊದಲಿನ ಹಾಗೆ ನಡೆಯುತ್ತದೆ. ಆದರೆ ಯಜ್ಞೇಶನ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದ ಹಾಗೆಲ್ಲ ಮೈ ಉರಿಯಿತು. ಅಲ್ಲಿಗೆ ಏನಾಯಿತು? ಅನೀಸಾ ಬಿದ್ದದ್ದು ಸುಲೋಚನಮ್ಮನ ಕೋವಿಯಿಂದ. ನಾಯಿ ಸತ್ತದ್ದು ಸುಲೋಚನಮ್ಮನ ಅಜಾಗರೂಕತೆಯಿಂದ. ತಪ್ಪಿಲ್ಲದವನು ಯಜ್ಞೇಶ ಒಬ್ಬನೇ! ಉಳಿದ ನಾಯಿ ನಾಳೆ ಮತ್ತೆ ರಸ್ತೆಗೆ ಬರುತ್ತದೆ, ಶಾಲೆ ಮಕ್ಕಳು ನಿಂತುಕೊಳ್ಳಲು ಕಲಿಯಬೇಕು.

"ನಾಳೆ ಠಾಣೇಲಿ ಹೇಳ್ತೀನಿ" ಎಂದಳು. ಇಬ್ಬರೂ ಅದನ್ನು ಒಪ್ಪಿಗೆ ಎಂದೇ ತಿಳಿದು ಕಾಫಿ ಕುಡಿದು ಎದ್ದರು.

ಮರುದಿನ ಠಾಣೆಯಲ್ಲಿ ಎಲ್ಲರೂ ಇದ್ದರು. ಅನೀಸಾ ಬ್ಯಾಂಡೇಜಿನ ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡು ಮೂಲೆಯ ಬೆಂಚಿನಲ್ಲಿ ಕೂತಿದ್ದಳು. ಸಬ್‌ಇನ್‌ಸ್ಪೆಕ್ಟರ್ ಕೆಟ್ಟವರಲ್ಲ, ಅವರೂ ಮಲೆನಾಡಿನವರೇ, ಸಾಗರದ ಕಡೆಯವರು.

"ಮಂಗ ಓಡ್ಸಿದ್ದು ಅಲ್ವೇನಮ್ಮ?" ಎಂದು ಪೆನ್ನು ಹಿಡಿದೇ ಕೇಳಿದರು.

"ಅಲ್ಲ ಸಾರ್. ನಾಯಿಗೇ ಹೊಡೆದೆ. ಹತ್ರ ಹೋಗಿ, ನೋಡಿ, ಗುರಿ ಇಟ್ಟೇ ಹೊಡೆದೆ."

ಯಜ್ಞೇಶ ಎದ್ದು ನಿಂತ. ವಾಸಪ್ಪ ತಲೆ ಚಚ್ಚಿಕೊಂಡ.

"ಎಲ್ಲಿ ನಿಂತು?"

"ರಸ್ತೇಲಿ."

ಸಬ್‌ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ನೋಡಮ್ಮ, ಜೀವ ಉಳಿಸೋ ಹಕ್ಕು ಎಲ್ಲರಿಗೂ ಇದೆ, ನಿಮ್ದೇ ಆಗ್ಲಿ, ಇನ್ನೊಬ್ಬರದ್ದಾಗ್ಲಿ. ಆದ್ರೆ ಬೆಳೆ ಕಾಯೋ ಕೋವೀನ ಸಾರ್ವಜನಿಕ ರಸ್ತೇಲಿ ಹಾರಿಸಿದ್ದು ಸರೀನಾ ಅಂತ ನಾನು ತೀರ್ಮಾನ ಮಾಡಕ್ಕೆ ಬರಲ್ಲ. ಫೈಲು ಚಿಕ್ಕಮಗಳೂರಿಗೆ ಹೋಗುತ್ತೆ. ಲೈಸೆನ್ಸ್ ಉಳೀಬಹುದು, ಹೋಗಲೂಬಹುದು. ಗಾಳಿಗೆ ಒಂದು ಹೊಡೆದು ಹೆದರ್ಸಬಹುದಿತ್ತಲ್ಲ ಅಂತ ಕೇಳ್ತಾರೆ."

"ಕೇಪಿನ ಕೋವಿ ಸಾರ್, ಒಂದೇ ಈಡು. ಗಾಳಿಗೆ ಬಿಟ್ಟು, ನಾಯಿ ಬಿಡದೇ ಇದ್ರೆ? ಮತ್ತೆ ಮದ್ದು ತುಂಬೋ ತನಕ ಈ ಕೂಸಿನ ಕೈಯನ್ನ ಯಾರು ಹಿಡ್ಕೊಂಡಿರ್ತಿದ್ರು? ಯಜ್ಞೇಶನಾ?"

ಯಜ್ಞೇಶ, "ಸಾರ್, ವಾಸಪ್ಪಣ್ಣನ ಹೇಳಿಕೆ ಇದೆ, ಮಂಗಕ್ಕೆ ಹೊಡೆದದ್ದು ಅಂತ" ಎಂದು ದನಿ ಏರಿಸಿದ. ಎಲ್ಲರೂ ವಾಸಪ್ಪನ ಕಡೆ ತಿರುಗಿದರು. ವಾಸಪ್ಪ ಸುಲೋಚನಮ್ಮನನ್ನು ನೋಡಿದ, ಅನೀಸಾಳ ಕೈ ನೋಡಿದ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ನಾನು ಎಂತದೂ ನೋಡಿಲ್ಲ ಸಾರ್. ಶಬ್ದ ಕೇಳ್ತು, ಅಭ್ಯಾಸಬಲ, ಬಾಯಿಗೆ ಬಂದದ್ದು ಅಂದುಬಿಟ್ಟೆ. ನಮ್ ಕಡೆ ಗುಡುಗಿದ್ರೂ ಮಂಗ ಓಡ್ಸಿದ್ದು ಅಂತೀವಿ."

ಬಾಗಿಲ ಬಳಿಯ ಪೇದೆಗೆ ನಗು ತಡೆಯಲಾಗಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ನಗದೆ ಹೊಸ ಹಾಳೆ ತೆಗೆದರು. ಬರೆದು ಮುಗಿಸಿ ಮೆಲ್ಲಗೆ ಹೇಳಿದರು: "ಕೊನೆಗೆ ತಪ್ಪಾಯ್ತು ಅಂತ ಒಂದು ಸಾಲು ಸೇರಿಸ್ಲಾ? ಮೇಲಿನವರಿಗೂ ಮನಸ್ಸು ಕರಗುತ್ತೆ."

"ತಪ್ಪಾಗಿಲ್ಲ ಸಾರ್. ಹಿಂಗೇ ಇನ್ನೊಂದ್ಸಲ ಆದ್ರೆ ಇನ್ನೊಂದ್ಸಲ ಹೊಡೀತೀನಿ. ಅದನ್ನೇ ಸೇರ್ಸಿ."

ಸೇರಿಸಿದರು. ಅವಳು ರುಜು ಹಾಕಿದಳು. ಅನೀಸಾಳ ಹೇಳಿಕೆಯ ಮೇಲೆ ಯಜ್ಞೇಶನ ಮೇಲೂ ಕೇಸಾಯಿತು. ಉಳಿದ ನಾಯಿಯನ್ನು ಕಟ್ಟಿಯೇ ಇಡಬೇಕೆಂದು ಬರೆಸಿಕೊಂಡರು. ಹೊರಗೆ ಬಂದ ಮೇಲೆ ಅನೀಸಾ ಅಳತೊಡಗಿದಳು. "ನನ್ನಿಂದಾಗಿ ನಿಮ್ಮ ಕೋವಿ ಹೋಯ್ತಲ್ಲಮ್ಮ."

"ಸುಮ್ನಿರೇ. ನಿನ್ನಿಂದ ಅಲ್ಲ, ಅವನ ನಾಯಿಯಿಂದ" ಎಂದು ಸುಲೋಚನಮ್ಮ ಗದರಿದಳು. ಗದರುವಾಗ ಅವಳ ಕಣ್ಣೂ ಒದ್ದೆಯಾಗಿತ್ತು.

ಫೈಲು ಇನ್ನೂ ಚಿಕ್ಕಮಗಳೂರಿನಲ್ಲೇ ಇದೆ. ಕೋವಿ ಠಾಣೆಯಲ್ಲೇ ಇದೆ. ಮಂಗಗಳಿಗೆ ಇದು ಯಾವ ಪುಣ್ಯಾತ್ಮ ಹೇಳಿದನೋ, ಇಡೀ ಹಿಂಡೇ ತೋಟಕ್ಕೆ ಬಂತು. ಸುಲೋಚನಮ್ಮ ಖಾಲಿ ಎಣ್ಣೆ ಡಬ್ಬ ಬಡಿಯುತ್ತ ಮರದಿಂದ ಮರಕ್ಕೆ ಓಡಾಡಿದಳು. ಗಡವ ಮಂಗವೊಂದು ಅವಳ ಕಣ್ಣೆದುರೇ ಬಾಳೆಗೊನೆ ಹರಿದು, ಅರ್ಧ ತಿಂದು, ಅರ್ಧ ಎಸೆಯಿತು.

ರಸ್ತೆಯಲ್ಲಿ ಯಜ್ಞೇಶ ನಿಂತು ನೋಡುತ್ತಿದ್ದ. ಅವನ ನಾಯಿ ಗೇಟಿನೊಳಗೆ ಸರಪಳಿಯಲ್ಲಿತ್ತು.

"ನೋಡಿ ಅಮ್ಮ, ಅವತ್ತು ಒಂದು ಮಾತು ಹೇಳಿದ್ರೆ ಇಷ್ಟೆಲ್ಲ ಹಾಳಾಗ್ತಿತ್ತಾ?"

ಸುಲೋಚನಮ್ಮ ಡಬ್ಬ ಬಡಿಯುವುದನ್ನು ನಿಲ್ಲಿಸಿದಳು.

"ಬಾಳೆ ಬುಡದಲ್ಲಿ ಮತ್ತೆ ಕಂದು ಏಳುತ್ತೆ ಯಜ್ಞೇಶ. ಆ ಹುಡುಗಿ ಬೆರಳು ಏಳುತ್ತೇನಾ?"

ಏಲಕ್ಕಿ ಸಾಲಿನ ಕಡೆಗೆ ಮಂಗಗಳು ಇಳಿಯುತ್ತಿದ್ದವು, ಅವಳು ಡಬ್ಬ ಬಡಿಯುತ್ತ ಅತ್ತ ಹೋದಳು.